ಬಾವಿ ಆಡದ ಮಾತು

ಮಾರ್ಚ್ ೩, ಮಂಗಳವಾರ
ಬೆಳಗಿನ ಪಾಳಿ ಮುಗಿಸಿ ಬಂದು

ನನ್ನ ಪಿಟೀಲೇ,

ಹೀಗೆ ಕರೆದೆನೆಂದು ಕಾಗದವನ್ನು ಅಲ್ಲೇ ಮಡಚಿ ಇಟ್ಟುಬಿಡಬೇಡ. ನಿನ್ನ ಕೀಚಲು ದನಿ ಕೇಳಿ ಅಜ್ಜಿ ಇಟ್ಟ ಹೆಸರು ಅದು. ಅವರು ಹೋದ ಮೇಲೆ ಅದನ್ನು ಬಾಯಿಗೆ ತರಲು ನಮ್ಮಲ್ಲಿ ಯಾರಿಗೂ ಧೈರ್ಯವಾಗಲಿಲ್ಲ. ಇಪ್ಪತ್ತೇಳು ವರ್ಷದ ಮೇಲೆ ನಾನು ತರುತ್ತಿದ್ದೇನೆ. ನೀನು ಕೇಳಿರುವುದಕ್ಕೆ ಉತ್ತರವನ್ನು ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡುವ ಮೂವತ್ತನಾಲ್ಕರ ಹೆಂಗಸಿಗೆ ಕೊಟ್ಟರೆ ಸಾಲದು. ರಂಗದ ಅಡಿಯ ಗುಂಡಿಯಲ್ಲಿ ನನ್ನ ಮಗ್ಗುಲಿಗೆ ಕೂತಿದ್ದ ಏಳು ವರ್ಷದ ಹುಡುಗಿಗೆ ಕೊಡಬೇಕು.

ನಿನ್ನ ಲಕೋಟೆ ಶನಿವಾರ ಬಂತು. ಅಪ್ಪನ ಲೇಖನವನ್ನು ಪತ್ರಿಕೆಯಿಂದ ಕತ್ತರಿಸಿ ಕಳಿಸಿದ್ದೀಯ. ಎಂಟು ಪುಟ, ದುರಂತ ನಾಟಕದಲ್ಲಿ ಅಲೌಕಿಕದ ಪಾತ್ರ. ಕೊನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ನಿನ್ನ ಮೂರು ಸಾಲು. ಇಪ್ಪತ್ತೆರಡನೇ ತಾರೀಕು ಅಪ್ಪನಿಗೆ ಎಪ್ಪತ್ತು ತುಂಬಿದ ಸನ್ಮಾನವಂತೆ. ಅಜ್ಜಿಯ ಪ್ರಸಂಗವಿರುವ ಪುಟವನ್ನು ನೀನು ವೇದಿಕೆಯ ಮೇಲೆ ನಿಂತು ಓದಬೇಕಂತೆ. ಅದರ ಕೆಳಗೆ ಪ್ರಶ್ನೆ: ನೀನು ಕೆಳಗಿದ್ದೆಯಲ್ಲ ಅಮ್ಮ, ನಾನು ಕರೆದ ಮೇಲೆ ಆ ಕೊಳವೆಯಲ್ಲಿ ಬೇರೆ ಏನಾದರೂ ಹೋಯಿತಾ, ನೀನು ಏನು ಹೇಳಿದರೂ ನಂಬುತ್ತೇನೆ.

ಏನು ಹೇಳಿದರೂ ನಂಬುತ್ತೇನೆ ಅನ್ನುವವರ ಮುಂದೆ ಸುಳ್ಳು ಹೇಳುವುದು ಸುಲಭ, ನಿಜ ಹೇಳುವುದು ಕಷ್ಟ. ಮೂರು ದಿನದಿಂದ ನಾನು ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಹೊರಡುವ ಬಸ್ಸು, ಬರುವ ಬಸ್ಸು ಎಂದು ಮೈಕಿನಲ್ಲಿ ಹೇಳುತ್ತಾ ಇದನ್ನೇ ಯೋಚಿಸುತ್ತಿದ್ದೇನೆ. ನಿನ್ನೆ ನಾಲ್ಕನೇ ಅಂಕಣದ ಬಸ್ಸನ್ನು ಒಂಬತ್ತನೆಯದಕ್ಕೆ ಕಳಿಸಿದೆನಂತೆ. ಒಂದು ಸಂಸಾರ ಪೆಟ್ಟಿಗೆ ಹೊತ್ತುಕೊಂಡು ಅಲ್ಲಿಂದ ಇಲ್ಲಿಗೆ ಓಡಿತು. ಮುಖ ಕಾಣದ ದನಿ ಹೇಳಿದರೆ ಜನ ಓಡುತ್ತಾರೆ. ಅದು ನನ್ನಷ್ಟು ಚೆನ್ನಾಗಿ ಇನ್ಯಾರಿಗೆ ಗೊತ್ತು?

ಮೊದಲು ಲೇಖನದ ಮಾತು ಮುಗಿಸಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೊಟ್ಟೆಯ ಉರಿ ಇಡೀ ಕಾಗದಕ್ಕೆ ಹತ್ತಿಕೊಳ್ಳುತ್ತದೆ. ಅಪ್ಪ ಚೆನ್ನಾಗಿಯೇ ಬರೆದಿದ್ದಾರೆ. ಅವರು ಯಾವಾಗ ಚೆನ್ನಾಗಿ ಮಾತಾಡಲಿಲ್ಲ ಹೇಳು? ದುರಂತದಲ್ಲಿ ಮನುಷ್ಯ ಬರೀ ನಿಮಿತ್ತ, ಅವನನ್ನು ಆಡಿಸುವ ಕೈ ಬೇರೆಯೇ ಇದೆ, ಆ ಕೈ ಕಾಣದಿರುವುದರಿಂದಲೇ ಪ್ರೇಕ್ಷಕ ಅಳುತ್ತಾನೆ, ತಪ್ಪು ಯಾರದ್ದೂ ಅಲ್ಲ ಎಂದು ತಿಳಿದು ಅಳುತ್ತಾನೆ, ಎಂದೆಲ್ಲ ಬರೆದಿದ್ದಾರೆ. ನಮ್ಮ ಬಾವಿಯ ನಾಟಕದ ದೊರೆ ನಿರ್ದೋಷಿ ಎಂದು ತೋರಿಸಲು ಎರಡೂವರೆ ಪುಟ. ದೊರೆಯ ಮೇಲೆ ಈಗ ಯಾರೂ ದೂರು ಹೇಳಿರಲಿಲ್ಲವಲ್ಲ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಆಮೇಲೆ ಆರನೇ ಪುಟಕ್ಕೆ ಬರುತ್ತಾರೆ. ತಾನೇ ಅದನ್ನು ಅನುಭವಿಸಿದ್ದೇನೆ ಅನ್ನುತ್ತಾರೆ. ತನ್ನ ಅಮ್ಮ ತೀರಿಕೊಂಡ ಮೂರನೇ ವಾರ, ಮಧ್ಯಾಹ್ನದ ಆಟದಲ್ಲಿ, ರಂಗದ ಬಾವಿಯಿಂದ ಅಮ್ಮನ ದನಿಯೇ ಎದ್ದು ಬಂದು, ಮಗುವನ್ನು ನಿನ್ನ ಅಕ್ಕನ ಮಡಿಲಿಗೆ ಹಾಕು ಎಂದು ಆಜ್ಞೆ ಮಾಡಿತು, ನಾನು ತಲೆಬಾಗಿದೆ, ಇವತ್ತು ನನ್ನ ಮಗಳು ಒಳ್ಳೆಯ ಸ್ಥಿತಿಯಲ್ಲಿದ್ದಾಳೆ, ಆ ಲೋಕದ ಕರುಣೆ ಎಂಥದ್ದು ನೋಡಿ ಎಂದು. ಇದನ್ನು ನೀನು ಮೈಕಿನ ಮುಂದೆ ಓದಬೇಕು. ಓದಿದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ.

ಈಗ ಬಾವಿಯ ವಿಷಯ. ಆ ನಾಟಕವನ್ನು ನೀನು ಬಿಡಿಬಿಡಿಯಾಗಿ ಮಾತ್ರ ನೋಡಿದ್ದೀಯ, ಅದೂ ಅಡಿಯಿಂದ. ನಮ್ಮ ಕಂಪನಿಯ ಅನ್ನದ ಬಟ್ಟಲು ಅದು, ಅಜ್ಜಿಯ ಮಾವನ ಕಾಲದಿಂದ ಆಡಿಕೊಂಡು ಬಂದ ದುರಂತ. ಮೂರನೇ ಅಂಕದಲ್ಲಿ ದೊರೆ, ಅಪ್ಪನ ಪಾತ್ರ, ಅರಮನೆಯ ಅಂಗಳದ ಹಾಳು ಬಾವಿಯ ಹತ್ತಿರ ಒಬ್ಬನೇ ನಿಂತಿರುತ್ತಾನೆ. ಬಾವಿ ಅವನನ್ನು ಮೂರು ಸಲ ಕರೆಯುತ್ತದೆ. ಅರಸಾ. ಅರಸಾ. ಅರಸಾ. ಅಷ್ಟೇ. ದೊರೆ ತತ್ತರಿಸಿ ಒಳಗೆ ಹೋಗುತ್ತಾನೆ. ರಾಣಿ ಎದುರಿಗೆ ಬಂದು ಏನಂದಿತು ಎಂದು ಕೇಳುತ್ತಾಳೆ. ಆಗ ದೊರೆ ಹೇಳುತ್ತಾನೆ, ಮಗನನ್ನು ಕೊಡು ಅಂದಿತು ಎಂದು. ಐದನೇ ಅಂಕದ ಹೊತ್ತಿಗೆ ಮಗ ಬಾವಿಯ ಪಾಲಾಗಿರುತ್ತಾನೆ. ದೊರೆ ಕಟ್ಟೆಯ ಮೇಲೆ ಬಾಗಿ ಮಗನೇ, ಮಗನೇ, ಮಗನೇ ಎಂದು ಕೂಗುತ್ತಾನೆ. ಬಾವಿ ಉತ್ತರ ಕೊಡುವುದಿಲ್ಲ. ಪರದೆ.

ಪಂಡಿತರು ಬಂದು ಅಪ್ಪನ ಜೊತೆ ಗಂಟೆಗಟ್ಟಲೆ ವಾದ ಮಾಡುತ್ತಿದ್ದರು. ಬಾವಿಯಲ್ಲಿದ್ದದ್ದು ದೆವ್ವವೋ ದೇವರೋ, ದೊರೆಯ ತಂದೆಯ ಆತ್ಮವೋ, ವಿಧಿಯೋ ಎಂದು. ಕೆಳಗೆ ಕೂರುತ್ತಿದ್ದ ನನ್ನನ್ನು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಸ್ವಾಮಿ, ಬಾವಿಯಲ್ಲಿ ಇದ್ದದ್ದು ಒಂದು ತಗಡಿನ ಕೊಳವೆ, ಅದರ ಈಚೆ ತುದಿಯಲ್ಲಿ ಒಂದು ಬಣ್ಣದ ಖಾಲಿ ಡಬ್ಬ, ಡಬ್ಬದ ಮೇಲೆ ಕೂತ ಒಬ್ಬಳು ಹೆಂಗಸು. ಆ ಹೆಂಗಸಿಗೆ ಇರುವುದು ಒಂದೇ ಮಾತು. ಆ ಒಂದು ಮಾತಿನಲ್ಲಿ ಮಗನ ಸುದ್ದಿಯೇ ಇಲ್ಲ.

ಆ ಗುಂಡಿ ನಿನಗೆ ಎಷ್ಟು ನೆನಪಿದೆಯೋ. ಮೇಲೆ ನಟರು ನಡೆದಾಗಲೆಲ್ಲ ಹಲಗೆಯ ಸಂದಿನಿಂದ ಧೂಳು ತಲೆಯ ಮೇಲೆ ಉದುರುತ್ತಿತ್ತು. ಅಂಟು, ಒದ್ದೆ ಮರ, ಹಳೆಯ ಪರದೆಗಳ ವಾಸನೆ. ದನಿ ಕೊಡುವವಳ ನಿಯಮ ಬೇರೆಯೇ ಇತ್ತು. ಪ್ರೇಕ್ಷಕರಿಗೆ ಬಾಗಿಲು ತೆಗೆಯುವ ಮೊದಲೇ ಅವಳು ಇಳಿಯಬೇಕು, ಕೊನೆಯವನು ಹೋದ ಮೇಲೆ ಹತ್ತಬೇಕು. ಕೆಮ್ಮುವಂತಿಲ್ಲ. ಹೆಸರು ಕರಪತ್ರದಲ್ಲಿ ಹಾಕುವುದಿಲ್ಲ, ಕೊನೆಯಲ್ಲಿ ಎಲ್ಲರೂ ಕೈ ಹಿಡಿದು ನಮಸ್ಕಾರ ಮಾಡುವಾಗ ಅವಳು ಅಲ್ಲಿರುವುದಿಲ್ಲ. ಬಾವಿಯೇ ಮಾತಾಡಿತು ಎಂದು ಜನ ನಂಬಬೇಕಲ್ಲ. ಅಜ್ಜಿ ಮೂವತ್ತೊಂದು ವರ್ಷ ಹಾಗೆ ಇಳಿದು ಹತ್ತಿದರು. ಅವರ ಗಂಟಲು ಕೆಟ್ಟ ಮೇಲೆ ಆ ಡಬ್ಬ ನನ್ನ ಪಾಲಿಗೆ ಬಂತು. ಮದುವೆಗೆ ಮುಂಚೆ ನಿನ್ನ ಅಪ್ಪ ನನಗೆ ಮಾತು ಕೊಟ್ಟಿದ್ದು ರಾಣಿಯ ಪಾತ್ರ. ಸಿಕ್ಕಿದ್ದು ಮೊದಲು ರಾಣಿಯ ದಾಸಿ, ಆಮೇಲೆ ಬಾವಿ. ಕೊಟ್ಟ ಕುದುರೆಯನ್ನು ಏರಲಾರದವಳು ಎಂದು ಆಡಿಸಿಕೊಳ್ಳಲು ನನಗೆ ಕುದುರೆಯನ್ನೇ ಕೊಟ್ಟಿರಲಿಲ್ಲ.

ಆದರೆ ಅಜ್ಜಿ ಕಲಿಸಿದ್ದನ್ನು ನಾನು ಮರೆತಿಲ್ಲ. ಮೊದಲ ಕರೆಗೆ ಬಾಯಿ ಕೊಳವೆಯಿಂದ ಒಂದು ಮೊಳ ದೂರ. ಎರಡನೆಯದಕ್ಕೆ ಒಂದು ಗೇಣು. ಮೂರನೆಯದಕ್ಕೆ ತುಟಿ ತಗಡಿಗೆ ತಾಗಬೇಕು. ತಗಡು ತುಟಿ ಕೊಯ್ಯದಿರಲಿ ಎಂದು ಅವರೇ ಅಂಚಿಗೆ ಬಟ್ಟೆ ಸುತ್ತಿ ಹೊಲಿದಿದ್ದರು. ಮೊದಮೊದಲು ನಾನು ಗಂಟಲು ನಡುಗಿಸಿ ಭೂತದ ಹಾಗೆ ಕರೆಯುತ್ತಿದ್ದೆ. ಅವರು ನಕ್ಕುಬಿಟ್ಟರು. "ಊಟಕ್ಕೆ ಕರೆಯೋ ಹಾಗೆ ಕರಿ. ಹೆದರಿಸೋಕೆ ಹೋಗ್ಬೇಡ. ಹೆದರೋ ಕೆಲಸ ಅವನದ್ದು" ಅಂದರು. ಇನ್ನೊಂದು ಸಲ, "ಕರೆಯೋದಷ್ಟೇ ನಮ್ಮ ಕೆಲಸ ಕಣೆ, ಮಿಕ್ಕಿದ್ದೆಲ್ಲ ಅವನೇ ಮಾಡ್ಕೋತಾನೆ" ಅಂದರು. ಅಪ್ಪನ ಎಂಟು ಪುಟಕ್ಕಿಂತ ಈ ಒಂದು ಮಾತಿನಲ್ಲಿ ಹೆಚ್ಚು ಅರ್ಥವಿದೆ.

ನೀನು ಹುಟ್ಟಿದಾಗಿನಿಂದ ಅಜ್ಜಿಯ ಮಗ್ಗುಲು ಬಿಟ್ಟವಳಲ್ಲ. ಕಂಪನಿ ವರ್ಷಕ್ಕೆ ಎಂಟು ತಿಂಗಳು ಊರೂರು ಅಲೆಯುತ್ತಿತ್ತು, ನೀನು ಬಸ್ಸಿನಲ್ಲಿ ಅವರ ತೊಡೆಯ ಮೇಲೆ, ಗುಂಡಿಯಲ್ಲೂ ಅವರ ತೊಡೆಯ ಮೇಲೆ. ಕೆಂಪು ಕಾಗದ ಸುತ್ತಿದ ಟಾರ್ಚು ಹಿಡಿಯುವುದು ನಿನ್ನ ಕೆಲಸ. ಅಜ್ಜಿ ಬೆರಳು ಮಡಚಿ ಎಣಿಸುವುದು, ನೀನೂ ಎಣಿಸುವುದು. ಅವರ ಗಂಟಲು ಹೋದ ಮೇಲೂ ನಾವು ಮೂವರೂ ಇಳಿಯುತ್ತಿದ್ದೆವು. ನಾನು ಕರೆಯುತ್ತಿದ್ದೆ, ಅಜ್ಜಿ ತಲೆಯಾಡಿಸುತ್ತಿದ್ದರು, ನೀನು ತುಟಿ ಮಾತ್ರ ಅಲುಗಿಸುತ್ತಿದ್ದೆ. ಆ ಗುಂಡಿಯಲ್ಲಿ ನಾನು ಸುಖವಾಗಿದ್ದೆ ಎಂದು ಹೇಳಿದರೆ ನೀನು ನಂಬುವುದಿಲ್ಲ, ನನಗೂ ಹೇಳಲು ಇಷ್ಟವಿಲ್ಲ, ಆದರೂ ಇದ್ದೆ.

ಆ ಭಾನುವಾರ. ಅಜ್ಜಿ ಹೋಗಿ ಮೂರು ವಾರ. ಮಕ್ಕಳನ್ನು ಕೆಳಗೆ ಬಿಡಬಾರದೆಂದು ಅಪ್ಪ ಹೊಸದಾಗಿ ಕಟ್ಟುನಿಟ್ಟು ಮಾಡಿದ್ದರು. ನೋಡಿಕೊಳ್ಳುವವರು ಬೇರೆ ಯಾರಿದ್ದರು? ನಿನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇಳಿಸಿದೆ. ಮೇಲೆ ಅಪ್ಪ ಕತ್ತಿಯ ಒರೆಯಿಂದ ಬಾವಿಕಟ್ಟೆಗೆ ಒಂದು ಸಲ ತಟ್ಟಿದರು. ಹತ್ತು ಎಣಿಸಿ ಕರೆದೆ. ಹನ್ನೆರಡು ಎಣಿಸಿ ಮತ್ತೆ ಕರೆದೆ. ಮೂರನೆಯದಕ್ಕೆ ಬಾಯಿ ಹಚ್ಚಿದೆ ನೋಡು, ಆ ಬಟ್ಟೆಯಲ್ಲಿ ಅಜ್ಜಿಯ ಲವಂಗದ ವಾಸನೆ ಇನ್ನೂ ಇತ್ತು. ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ. ಬಾಯಿ ತೆರೆದಿದ್ದೇನೆ, ಉಸಿರೂ ಬರುತ್ತಿಲ್ಲ. ಹನ್ನೆರಡು ಹೋಯಿತು, ಹದಿನೈದು ಹೋಯಿತು, ಇಪ್ಪತ್ತು. ಮೇಲೆ ಅಪ್ಪ ಕಾಯುತ್ತಿದ್ದಾರೆ. ಸಭೆ ಕೆಮ್ಮತೊಡಗಿತು.

ಆಗ ನೀನು ನನ್ನ ಕೈ ಸರಿಸಿ, ಕೊಳವೆಗೆ ಬಾಯಿಟ್ಟು ಕರೆದೆ.

ಅದು ಅಜ್ಜಿಯ ಕರೆಯೇ. ಕೊಳವೆಯ ತಿರುವಿನಲ್ಲಿ ನಿನ್ನ ಕೀಚಲೆಲ್ಲ ಉದುರಿ, ಅವರ ಎಳೆತ, ಕೊನೆಯಲ್ಲಿ ಅವರು ಇಳಿಸುತ್ತಿದ್ದ ದನಿ ಎಲ್ಲ ಹಾಗೆಯೇ ಹೊರಟಿತು. ಅದು ಹೇಗಾಯಿತೆಂದು ನಿನ್ನ ವಿದ್ಯೆಯಲ್ಲಿ ವಿವರಣೆ ಇರಬಹುದು. ಮೇಲೆ ಅಪ್ಪ ಧೊಪ್ಪನೆ ಮಂಡಿಯೂರಿ ಬಿದ್ದ ಸದ್ದು ಕೇಳಿಸಿತು. ನಾಟಕದಲ್ಲಿ ಅಲ್ಲಿ ಮಂಡಿಯೂರುವುದಿಲ್ಲ. ಆವತ್ತು ಅವರು ಆಡಿದ ಹಾಗೆ ಮತ್ತೆಂದೂ ಆಡಲಿಲ್ಲ ಎಂದು ಈಗಲೂ ಹೇಳುವವರಿದ್ದಾರೆ.

ನಿನ್ನ ಪ್ರಶ್ನೆಗೆ ಉತ್ತರ ಇದು. ನೀನು ಕರೆದ ಮೇಲೆ ಆ ಕೊಳವೆಯಲ್ಲಿ ಏನೂ ಹೋಗಲಿಲ್ಲ. ಒಂದು ಅಕ್ಷರವಿಲ್ಲ, ಒಂದು ಉಸಿರಿಲ್ಲ. ನಾನು ಕೊಳವೆಯ ಬಾಯಿಗೆ ಅಂಗೈ ಮುಚ್ಚಿ ಅಂಕ ಮುಗಿಯುವವರೆಗೆ ಹಾಗೇ ಕೂತಿದ್ದೆ. ಅಜ್ಜಿ ಬರಲಿಲ್ಲ. ಬಂದಿದ್ದರೆ ನಿನ್ನನ್ನು ಕಳಿಸು ಎಂದು ಹೇಳಲು ಬರುತ್ತಿದ್ದರಾ? ನಿನ್ನ ತಲೆ ಬಾಚುವುದಕ್ಕೆ ಬರುತ್ತಿದ್ದರು.

ಆಟ ಮುಗಿದ ಮೇಲೆ ನಿನ್ನನ್ನು ಹಿಂದಿನ ಮೆಟ್ಟಿಲಿನಿಂದ ವೇಷದ ಕೋಣೆಗೆ ಓಡಿಸಿ, ಕರೆದದ್ದು ನೀನೆಂದು ಯಾರಿಗೂ ಹೇಳಕೂಡದು ಎಂದು ಆಣೆ ಹಾಕಿಸಿದೆ. ದನಿ ತಪ್ಪಿದವಳಿಗೆ ಕಂಪನಿಯಲ್ಲಿ ಜಾಗವಿರಲಿಲ್ಲ, ಮಗುವನ್ನು ಇಳಿಸಿದವಳಿಗಂತೂ ಮೊದಲೇ ಇಲ್ಲ. ಅಪ್ಪ ಕಿರೀಟವನ್ನೂ ತೆಗೆಯದೆ ಗುಂಡಿಗೆ ಇಳಿದು ಬಂದರು. ಅಮ್ಮ ಕರೆದಳು ಅಂದರು. ಸ್ವಲ್ಪ ಹೊತ್ತಿಗೆ ಉಳಿದ ಮಾತೂ ಹೊರಬಿತ್ತು, ಮಗುವನ್ನು ಅಕ್ಕನ ಮನೆಗೆ ಕಳಿಸಬೇಕಂತೆ. ನಿನ್ನ ಸೋದರತ್ತೆ ಮಕ್ಕಳಿಲ್ಲದವಳು, ದೊಡ್ಡ ಮನೆ, ಎರಡು ವರ್ಷದಿಂದ ನಿನ್ನನ್ನು ಕೊಡಿ ಎಂದು ಕೇಳುತ್ತಿದ್ದಳು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಸತ್ತವರ ಬಾಯಲ್ಲಿ ಇದ್ದವರಿಗೆ ಬೇಕಾದದ್ದೇ ಬಂತು.

ಗುರುವಾರ ಅಪ್ಪ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಜ್ಜಿ ಹೇಳಿದ್ದಾಳೆ ಎಂದರು. ನೀನು, "ಯಾವಾಗ?" ಅಂದೆ. "ಭಾನುವಾರ. ಬಾವಿಯಿಂದ" ಅಂದರು. ನೀನು ತಿರುಗಿ ನನ್ನ ಮುಖ ನೋಡಿದೆ. ನಾನು ನಿನ್ನ ನೀಲಿ ಫ್ರಾಕು ಮಡಚುತ್ತಿದ್ದೆ. ತಲೆ ಎತ್ತಲಿಲ್ಲ. ಆಣೆ ಹಾಕಿಸಿಕೊಂಡ ಮಗು ಆಣೆ ಮುರಿಯಲಿಲ್ಲ. ಅಪ್ಪನಿಗೆ ಅದು ನಾನೇ ಕರೆದದ್ದು ಎಂದು ನೀನು ಒಂದು ಮಾತು ಹೇಳಿದ್ದರೆ ಸಾಕಿತ್ತು, ನಾನು ಒಂದು ಮಾತು ಹೇಳಿದ್ದರೂ ಸಾಕಿತ್ತು. ನಿನಗೆ ಏಳು ವರ್ಷ, ನನಗೆ ಮೂವತ್ತೊಂದು.

ಆ ವಾರದ ಕೊನೆಗೆ ರಾಣಿಯ ಪಾತ್ರ ನನಗೆ ಬಂತು. ಆ ಪಾತ್ರದವಳು ಬೇರೆ ಕಂಪನಿಗೆ ಹೋಗುವವಳಿದ್ದಳು, ಹೋದಳು, ಅದಕ್ಕೂ ಇದಕ್ಕೂ ನೀನು ಗಂಟು ಹಾಕಬೇಡ. ಕಂಪನಿಯ ದರ್ಜಿಯ ಹೆಂಡತಿ ಗುಂಡಿಗೆ ಇಳಿದಳು, ನಾನು ಮೇಲೆ ಹತ್ತಿದೆ. ಹತ್ತು ವರ್ಷ ರಾಣಿಯಾಗಿದ್ದೆ. ಏನಂದಿತು ಎಂದು ನಾನು ಕೇಳುತ್ತಿದ್ದ ಒಂದು ಸಾಲಿಗಾಗಿಯೇ ಜನ ಟಿಕೆಟ್ ತೆಗೆದುಕೊಂಡು ಬರುತ್ತಿದ್ದರು. ಅಷ್ಟು ಮೆಲ್ಲಗೆ, ಅಷ್ಟು ಅಕ್ಕರೆಯಿಂದ ಕೇಳುತ್ತಾಳೆ, ಇವಳಿಗೆ ಉತ್ತರ ಮೊದಲೇ ಗೊತ್ತೇನೋ ಅನ್ನಿಸುತ್ತದೆ ಎಂದು ಒಬ್ಬ ಪತ್ರಿಕೆಯವನು ಬರೆದಿದ್ದ. ಅದನ್ನು ಅಪ್ಪ ಚೌಕಟ್ಟು ಹಾಕಿಸಿ ತೂಗುಹಾಕಿದ್ದರು.

ಐದನೇ ಅಂಕದಲ್ಲಿ ಅವರು ಬಾವಿಯ ಮೇಲೆ ಬಾಗಿ ಮಗನೇ ಎಂದು ಕೂಗುವಾಗ ನಾನು ಪರದೆಯ ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ. ನೀನು ಹೋದ ಮೇಲಾದರೂ ಆ ದನಿಯಲ್ಲಿ ಏನಾದರೂ ಬಿರುಕು ಬಿಟ್ಟೀತೆಂದು ಕಾದೆ. ಇಲ್ಲ. ಮೊದಲಿನಷ್ಟೇ ಅಚ್ಚುಕಟ್ಟು, ಮೊದಲಿನಷ್ಟೇ ಎತ್ತರ. ಆಟ ಮುಗಿದ ಮೇಲೆ ಗಂಟಲಿಗೆ ಬಿಸಿನೀರು ಕೇಳುತ್ತಿದ್ದರು. ನನ್ನ ದಾಂಪತ್ಯ ನಿಜವಾಗಿ ಮುರಿದದ್ದು ಆ ಬಿಸಿನೀರಿನ ಲೋಟದಲ್ಲಿ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ನೀನು ಹದಿನೇಳಕ್ಕೆ ಒಂದು ಸಲ ಹೇಳದೆ ಕೇಳದೆ ಬಂದು ಮೂರನೇ ಸಾಲಿನಲ್ಲಿ ಕೂತಿದ್ದೆ. ಸೋದರತ್ತೆಯ ಮನೆಯ ಇಸ್ತ್ರಿ ಮಾಡಿದ ಬಟ್ಟೆ, ನೆಟ್ಟಗೆ ಕೂತ ಬೆನ್ನು. ಅಪ್ಪ ತತ್ತರಿಸುತ್ತಾ ಒಳಗೆ ಬಂದರು, ನಾನು ಎದುರಿಗೆ ಹೋದೆ, ಸಾಲು ಹೇಳಬೇಕು, ನೀನು ಕಂಡೆ. ಬಾಯಿ ಬರಲಿಲ್ಲ. ಆವತ್ತು ಮಾತ್ರ ಯಾರೂ ನನ್ನ ಬದಲು ಹೇಳಲಿಲ್ಲ. ಆಟದ ಮೇಲೆ ನೀನು ವೇಷದ ಕೋಣೆಯ ಬಾಗಿಲಲ್ಲಿ ನಿಂತು, ನಾನು ಬರೀ ಅರಸಾ ಅಂದಿದ್ದೆ ಅಮ್ಮ, ನನಗೆ ಕೇಳಿಸದ ಹಾಗೆ ಅಜ್ಜಿ ನನ್ನ ಗಂಟಲಿನಿಂದಲೇ ಬೇರೆ ಏನಾದರೂ ಹೇಳಿದಳಾ ಎಂದು ಕೇಳಿದೆ. ಹತ್ತು ವರ್ಷ ನೀನು ಅದನ್ನು ಹೊತ್ತುಕೊಂಡು ತಿರುಗಿದ್ದೆ! ನಿನ್ನನ್ನು ಓಡಿಸುವ ಮಾತನ್ನು ನಿನ್ನ ಬಾಯಿಂದಲೇ ಅಜ್ಜಿ ಆಡಿಸಿದಳು ಎಂದು ತಿಳಿದು, ಆ ಮನೆಯಲ್ಲಿ ಜೋರಾಗಿ ಮಾತಾಡುವುದನ್ನೇ ಬಿಟ್ಟಿದ್ದೆ. ನಾನು ಆವತ್ತು ನಿನಗೆ ಏನು ಹೇಳಿದೆ? ಗೊತ್ತಿಲ್ಲ ಮಗಳೇ ಅಂದೆ. ಗೊತ್ತಿಲ್ಲವಂತೆ. ಎಂಟು ದಿನಕ್ಕೆ ಕಂಪನಿ ಬಿಟ್ಟೆ, ಅಪ್ಪನನ್ನೂ ಬಿಟ್ಟೆ, ಈ ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಒಂದು ಕೋಣೆಗೆ ಬಂದೆ. ನಿಜ ಹೇಳುವುದಕ್ಕಿಂತ ಮನೆ ಬಿಡುವುದು ನನಗೆ ಸುಲಭವಾಯಿತು.

ನಿನ್ನ ಆಸ್ಪತ್ರೆಯಲ್ಲಿ ಕಿವಿಗೆ ಯಂತ್ರ ಹಾಕಿ, ಶಬ್ದ ಕೇಳಿದಾಗ ಗುಂಡಿ ಒತ್ತಿ ಅನ್ನುತ್ತೀಯಂತೆ. ಶಬ್ದವೇ ಇಲ್ಲದಾಗಲೂ ಒತ್ತುವವರು ಇರುತ್ತಾರೆ, ಅವರು ಸುಳ್ಳರಲ್ಲ, ಕೇಳಿಸಬೇಕೆಂಬ ಆಸೆ ಅಷ್ಟೇ ಎಂದು ಹೋದ ತಿಂಗಳು ಹೇಳಿ ನಕ್ಕೆ. ನಾನು ನಗಲಿಲ್ಲ, ನೀನು ಗಮನಿಸಿದೆಯೋ ಇಲ್ಲವೋ. ಅಪ್ಪನೂ ಹಾಗೆ ಗುಂಡಿ ಒತ್ತಿದವರು ಎಂದಿಟ್ಟುಕೋ. ಆದರೆ ಒತ್ತಿದವರ ಕಿವಿಯನ್ನು ನೀನು ಮತ್ತೆ ಪರೀಕ್ಷೆ ಮಾಡುತ್ತೀಯ. ಅಪ್ಪನಿಗೆ ಶಾಲು ಹೊದಿಸುತ್ತಾರೆ.

ಆದ್ದರಿಂದ ಇಪ್ಪತ್ತೆರಡಕ್ಕೆ ಆ ಪುಟ ಓದಬೇಡ. ಹೋಗುವುದಾದರೆ ಹೋಗು, ಅವರು ನಿನ್ನ ಅಪ್ಪ. ಓದಲು ಹೇಳಿದರೆ ಬಾವಿ ಆಡಿದ ಒಂದೇ ಮಾತನ್ನು ಅಜ್ಜಿ ಕಲಿಸಿದ ಹಾಗೆ ಹೇಳಿ ಇಳಿದು ಬಾ. ಅವರಿಗೆ ಅರ್ಥವಾಗುತ್ತದೆ. ಮೈಕಿನಲ್ಲಿ ನಿನ್ನ ದನಿ ಈಗ ಹೇಗೆ ಕೇಳಿಸುತ್ತದೋ ನನಗೆ ಗೊತ್ತಿಲ್ಲ, ಆದರೂ ಅವರಿಗೆ ಅರ್ಥವಾಗುತ್ತದೆ. ನಿನ್ನಿಂದ ತಪ್ಪಾಗಿಲ್ಲ, ಅಜ್ಜಿಯಿಂದಲೂ ತಪ್ಪಾಗಿಲ್ಲ. ಅವರು ನಿನ್ನನ್ನು ಕಳಿಸು ಎಂದು ಯಾವತ್ತೂ ಹೇಳಲಿಲ್ಲ, ಬದುಕಿದ್ದಾಗಲೂ, ಸತ್ತ ಮೇಲೂ. ಅವರ ಹೆಸರನ್ನು ಇನ್ನು ಮೇಲೆ ಗಟ್ಟಿಯಾಗಿ ಹೇಳು.

ಸಾಕು. ಕೈ ನೋಯುತ್ತಿದೆ, ಕೆಳಗೆ ಇಸ್ತ್ರಿಯ ಹಬೆ ಶುರುವಾಗಿ ಕೋಣೆ ಕಾಯುತ್ತಿದೆ. ಇವತ್ತೇ ಅಂಚೆ ಡಬ್ಬಕ್ಕೆ ಹಾಕಿದರೆ ನಿನಗೆ ಶುಕ್ರವಾರ ಸಿಗುತ್ತದೆ.

ಬಾವಿಯೊಳಗೆ ಕೂತಿದ್ದವಳು,
ನಿನ್ನ ಅಮ್ಮ

ಸಹಿ ಹಾಕಿದ ಮೇಲೆ:

ಲಕೋಟೆ ಅಂಟಿಸಿ, ಡಬ್ಬದವರೆಗೆ ಹೋಗಿ, ವಾಪಸು ಬಂದು ಬಿಚ್ಚಿದ್ದೇನೆ. ಬಾಯಿಯ ಹತ್ತಿರ ಹರಿದಿರುವುದು ಅದಕ್ಕೇ.

ಉಳಿದ ಮಾತೂ ಹೊರಬಿತ್ತು ಎಂದು ಮೇಲೆ ಬರೆದಿದ್ದೇನಲ್ಲ, ಅದು ತಾನಾಗಿ ಬೀಳಲಿಲ್ಲ. ಅಪ್ಪ ಇಳಿದು ಬಂದು, ಮಣ್ಣಿನ ಮೇಲೆ ಕೂತು, ಮಗುವಿನ ಹಾಗೆ ಅತ್ತರು. "ಅಮ್ಮ ಕರೆದ್ಳು ಕಣೇ, ಅಮ್ಮ ಕರೆದ್ಳು" ಅಂದರು. ಅಷ್ಟೇ ಅಂದದ್ದು. ಅವರ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಆ ಕ್ಷಣಕ್ಕೆ ಅವರಷ್ಟು ಪ್ರಾಮಾಣಿಕರಾದ ಗಂಡಸನ್ನು ನಾನು ನೋಡಿರಲಿಲ್ಲ. ಕೇಳಿದವಳು ನಾನು. ಅವರ ಬೆನ್ನ ಮೇಲೆ ಕೈಯಿಟ್ಟು, ಮೆಲ್ಲಗೆ, ಅಕ್ಕರೆಯಿಂದ ಕೇಳಿದೆ: "ಏನಂದ್ರು? ಮಗೂನ ಅಕ್ಕನ ಮನೇಲಿ ಬಿಡು ಅಂದ್ರಾ?"

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಹೌದು ಅಂದರು. ಇಷ್ಟು ವರ್ಷದಲ್ಲಿ ಒಂದು ದಿನವೂ ಅದು ನೀನೇ ಹೇಳಿದ್ದು ಎಂದು ನನ್ನತ್ತ ಬೆರಳು ತೋರಿಸಲಿಲ್ಲ. ಲೇಖನದಲ್ಲೂ ಇಲ್ಲ. ಮರೆತಿದ್ದಾರೋ, ನನ್ನನ್ನು ಉಳಿಸುತ್ತಿದ್ದಾರೋ, ತಿಳಿಯದು.

ರಾಣಿಯ ಪಾತ್ರದವಳು ಬಿಡುವ ಸುದ್ದಿ ನನಗೆ ಆ ಭಾನುವಾರದ ಹಿಂದಿನ ಶುಕ್ರವಾರವೇ ಗೊತ್ತಾಗಿತ್ತು. ಎಂಟು ತಿಂಗಳ ಅಲೆದಾಟ, ನಾಲ್ಕು ಗಂಟೆ ಬಣ್ಣ ಹಚ್ಚಿಕೊಂಡು ಮೇಲಿರಬೇಕು, ಅಜ್ಜಿ ಇಲ್ಲ, ಏಳು ವರ್ಷದ ಹುಡುಗಿಯನ್ನು ಯಾರ ಕೈಗೆ ಕೊಟ್ಟು ಹತ್ತಲಿ? ಆ ಗಾದೆಯ ರೋಗಿ ನಾನೇ. ರಾಣಿಯ ಸಾಲನ್ನು ನಾನು ಮೊದಲ ಸಲ ಆಡಿದ್ದು ರಂಗದ ಮೇಲಲ್ಲ.

ಬರುವ ಭಾನುವಾರ ತಿಂಗಳ ಎರಡನೆಯದು, ನೀನು ನನ್ನಲ್ಲಿಗೆ ಬರುವ ದಿನ. ರಜೆ ಹಾಕಿದ್ದೇನೆ. ಬಾರದಿದ್ದರೆ ಕರೆಯುವುದಿಲ್ಲ.